ನೋಡುತ್ತಾ ನಿಂತವರ ಪಾಲು

ಓಪನ್ ಸೋರ್ಸ್ ಲೋಕದಲ್ಲಿ ಬಳಕೆದಾರರಿಗೂ ಮೇಂಟೇನರ್‌ಗಳಿಗೂ ಜಗಳ ಹತ್ತಿದಾಗ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಬಗ್ ಹೇಳಿ ಆರು ತಿಂಗಳಾಯಿತು, ಈ ಪ್ರಾಜೆಕ್ಟ್ ಬದುಕಿದೆಯೋ ಇಲ್ಲವೋ?’ ಎನ್ನುವುದು ಒಂದು. ‘ಪುಕ್ಕಟೆ ಕೊಟ್ಟಿದ್ದೇನೆ, ಬೇಡವಾದರೆ ಫೋರ್ಕ್ ಮಾಡಿಕೊಳ್ಳಿ’ ಎನ್ನುವುದು ಇನ್ನೊಂದು. ಕಾನೂನಿನ ಮಟ್ಟಿಗೆ ಎರಡನೆಯದೇ ಸರಿ. ಎಂಐಟಿ ಲೈಸೆನ್ಸಾಗಲಿ ಜಿಪಿಎಲ್ ಆಗಲಿ, ಯಾವ ಖಾತರಿಯನ್ನೂ ಕೊಡುವುದಿಲ್ಲ. ಅರವಟ್ಟಿಗೆಯಲ್ಲಿ ನೀರು ಕುಡಿದವರು ಬೆಲ್ಲ ಏಕಿಲ್ಲವೆಂದು ಬೈಯುವಂತಿಲ್ಲ.

ನನಗೆ ಈ ವಾದ ಸಾಲದು. ನೀರು ಕುಡಿದವನು ತನ್ನ ದಾರಿ ಹಿಡಿದು ಹೋಗುತ್ತಾನೆ. ಲೈಬ್ರರಿಯೊಂದನ್ನು ನಂಬಿ ತನ್ನ ಕೆಲಸ ಕಟ್ಟಿಕೊಂಡವನು ಹಾಗೆ ಹೋಗಲಾರ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದದ್ದೇ ತಡ, ಎಲ್ಲೆಲ್ಲೋ ಇದ್ದ ತಂಡಗಳ ಬಿಲ್ಡ್‌ಗಳು ಮುರಿದುಬಿದ್ದವು. ಅಂಥ ಹೊತ್ತಿನ ಸಿಟ್ಟನ್ನು ಕೃತಘ್ನತೆ ಎಂದು ತಳ್ಳಿಹಾಕುವುದು ಅನ್ಯಾಯ.

ಹಾಗಾದರೆ ಆ ಸಿಟ್ಟು ಎಲ್ಲಿ ಹಾದಿ ತಪ್ಪುತ್ತದೆ? ಕೋಡನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತಿದಾಗ. ಫಿನ್‌ಲೆಂಡಿನ ಲಾಸೆ ಕಾಲಿನ್ ಬಹುಕಾಲ ಒಬ್ಬರೇ ನೋಡಿಕೊಂಡು ಬಂದ, ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್‌ನಲ್ಲಿ 2022ರಲ್ಲಿ ಆದದ್ದು ಅದೇ. ಪ್ಯಾಚ್‌ಗಳು ಕೊಳೆಯುತ್ತಿವೆ, ಹೊಸ ಮೇಂಟೇನರ್ ಬರುವವರೆಗೆ ಏನೂ ಮುಂದೆ ಹೋಗದು ಎಂದು ಕೆಲವರು ಎಲ್ಲರೆದುರೇ ಒತ್ತಾಯಿಸತೊಡಗಿದರು. ತಾನು ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆಯಲ್ಲಿದ್ದೇನೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕಾಲಿನ್ ಹೇಳಿಕೊಂಡರು. ಒಬ್ಬನ ಉತ್ತರ ಹೀಗಿತ್ತು: ನಿಮ್ಮ ಆರೋಗ್ಯದ ವಿಷಯ ಕೇಳಿ ಬೇಸರವಾಯಿತು, ಆದರೆ ನಿಮ್ಮ ಮಿತಿ ನಿಮಗೆ ಗೊತ್ತಿರಬೇಕು. ಆ ಮಾತಿನಲ್ಲಿ ಬೈಗುಳವಿಲ್ಲ. ಯಾವ ನಡತೆ ಸಂಹಿತೆಯೂ ಅದನ್ನು ಸುಲಭವಾಗಿ ಹಿಡಿಯಲಾರದು. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನೆರವಿಗೆ ಬಂದವನಂತೆ ಕಾಣುತ್ತಿದ್ದ ‘ಜಿಯಾ ಟ್ಯಾನ್’ ಮುಂದೆ ಸಹ-ಮೇಂಟೇನರ್ ಆದ. 2024ರ ಫೆಬ್ರುವರಿ, ಮಾರ್ಚ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿ ಕೂತಿತು. ಒತ್ತಾಯಿಸಿದವರೂ ಅದೇ ಸಂಚಿನ ನಕಲಿ ಹೆಸರುಗಳೆಂಬ ಅನುಮಾನ ಬಲವಾಗಿದೆ. ಸಂಚು ನಡೆದದ್ದು, ಅಂಥ ಒತ್ತಾಯ ನಮಗೆ ಮಾಮೂಲಿಯಾಗಿದ್ದರಿಂದ. ದಿನಾ ಕೇಳುವ ದನಿಯ ನಡುವೆ ಕಳ್ಳನ ದನಿ ಬೇರೆಯಾಗಿ ಕೇಳಲಿಲ್ಲ.

ಆ ಹಿಂಬಾಗಿಲನ್ನು ಬಯಲಿಗೆಳೆದವರೂ ಒಬ್ಬ ಬಳಕೆದಾರರೇ. ಪೋಸ್ಟ್‌ಗ್ರೆಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದು ಕಂಡಿತು. ಅವರು ಅಳೆದರು, ಜಾಡು ಹಿಡಿದರು, ಮಾರ್ಚ್ 29ರಂದು ಸಾಕ್ಷ್ಯಸಮೇತ ಪ್ರಕಟಿಸಿದರು. ಖಾರವಾದ ದೂರಿಗೂ ನಾನು ಬೇಡವೆನ್ನುವುದಿಲ್ಲ, ಅದರಲ್ಲಿ ಇಂಥ ಕೆಲಸವಿದ್ದರೆ ಸಾಕು.

ಮೇಂಟೇನರ್‌ಗಳೂ ಸಾಧುಗಳಲ್ಲ. ತಮ್ಮ ಒರಟು ಇಮೇಲ್‌ಗಳಿಗೆ ಲಿನಕ್ಸ್ ಕರ್ನಲ್‌ನ ಮುಖ್ಯ ಮೇಂಟೇನರ್ ಲಿನಸ್ ಟೋರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ಕ್ಷಮೆ ಕೇಳಿದರು. ಕರ್ನಲ್‌ಗೆ ಹೊಸ ನಡತೆ ಸಂಹಿತೆಯೂ ಆಗಲೇ ಬಂತು. ಒಳ್ಳೆಯದೇ ಆಯಿತು. ಆದರೆ ಈ ಜಗಳಗಳನ್ನು ಇಬ್ಬರ ವ್ಯವಹಾರವೆಂದು ನೋಡುವವರೆಗೆ ಸಂಹಿತೆಯೊಂದರಿಂದ ಹೆಚ್ಚೇನೂ ಆಗದು. ದಣಿದ ಮೇಂಟೇನರ್ ತನ್ನ ಪರವಾಗಿ ತಾನೇ ವಾದಿಸಬೇಕಾಗಿ ಬಂದರೆ ಸೋತಂತೆಯೇ. ‘ಇದು ಸರಿಯಲ್ಲ’ ಎಂದು ಹೇಳಬೇಕಾದವರು ಸುಮ್ಮನೆ ಓದುತ್ತಿರುವ ಉಳಿದ ಬಳಕೆದಾರರು. ಹೇಳಿದರಷ್ಟೇ ಸಾಲದು. ಎಕ್ಸ್‌ಝಡ್ ಅನ್ನು ನೆಚ್ಚಿಕೊಂಡ ದೊಡ್ಡ ಕಂಪನಿಗಳಲ್ಲಿ ಸಂಬಳದ ಎಂಜಿನಿಯರ್‌ಗಳಿಗೆ ಕೊರತೆಯಿರಲಿಲ್ಲ. ಅವರಲ್ಲಿ ನಾಲ್ಕೈದು ಮಂದಿ ಬಾಕಿ ಬಿದ್ದಿದ್ದ ಪ್ಯಾಚ್‌ಗಳನ್ನು ಒಂದೊಂದಾಗಿ ಪರಿಶೀಲಿಸಿ ಕೊಟ್ಟಿದ್ದರೆ, ಪ್ಯಾಚ್ ಕೊಳೆಯುತ್ತಿದೆ ಎಂಬ ದೂರಿಗೇ ಆಧಾರ ಉಳಿಯುತ್ತಿರಲಿಲ್ಲ. ಕಾಲಿನ್‌ಗೆ ಅಪರಿಚಿತನೊಬ್ಬನ ಕೈಗೆ ಕೀಲಿ ಕೊಡುವ ಒತ್ತಡವೂ ಇರುತ್ತಿರಲಿಲ್ಲ.