‘ಬರ್ತೀನಿ’ ಎಂಬ ಸಾಲ

ಪ್ರೀತಿಯ ಬಗೆಗಳನ್ನು ಎಣಿಸುವುದು ಸುಲಭ. ಒಂದು ಪ್ರೀತಿಗಾಗಿ ಇನ್ನೊಂದನ್ನು ಬಿಟ್ಟು ಹೊರಟಾಗ, ಬಿಟ್ಟವರಿಗೆ ನಾವು ಏನು ಕೊಡಬೇಕು?

1997ರಿಂದ ಬರುತ್ತಿರುವ ಎಯಿಚಿರೊ ಓಡಾ ಅವರ ಮಾಂಗಾ ‘ಒನ್ ಪೀಸ್’ನಲ್ಲಿ ಲಬೂನ್ ಎಂಬ ತಿಮಿಂಗಿಲ, ಮರಳಿ ಬರುತ್ತೇವೆಂದು ಹೋದ ಗೆಳೆಯರಿಗಾಗಿ 50 ವರ್ಷ ಕಾದಿದೆ. ಲೂಫಿ ಅದನ್ನು ಜೊತೆಗೆ ಒಯ್ಯಲಾರ. ಮತ್ತೆ ಬರುವ ಮಾತು ಕೊಡುತ್ತಾನೆ.

ನಮ್ಮ ಕೊಪ್ಪ ಸೀಮೆಯಲ್ಲೇ ಹುಟ್ಟಿದ ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಅಷ್ಟು ಸಮಾಧಾನವನ್ನೂ ಕೊಡುವುದಿಲ್ಲ. ತಿಮ್ಮಿಯನ್ನು ಪಡೆಯಲು ಹೊರಟ ಗುತ್ತಿಯ ಬೆನ್ನು ಬಿಡದ ನಾಯಿ ಹುಲಿಯ, ಕೊನೆಗೆ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಗುತ್ತಿಗೆ ಇಬ್ಬರ ಮೇಲೂ ಜೀವವಿತ್ತು.

ಮನೆಯಿಂದ ಹೊರಡುವಾಗ ನಮ್ಮಲ್ಲಿ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು. ಸಂಶೋಧನೆಗೆಂದು ಮೆಣಸೆ ಬಿಟ್ಟ ನನ್ನ ಮೇಲೂ ಆ ಮಾತಿನ ಸಾಲವಿದೆ. ಹೋದವರು ಅದನ್ನು ಮರೆಯಬಹುದು, ಕಾಯುವವರು ಮರೆಯುವುದಿಲ್ಲ.