ಅರ್ಜಿಯ ಮೊದಲ ಸಾಲು

ನಮ್ಮ ಗುಂಪು ಆರು ವರ್ಷದಿಂದ ನಡೆದಿರುವುದು ಒಂದು ರಸೀದಿ ಪುಸ್ತಕ ಮತ್ತು ಒಂದು ಚೀಟಿಯ ಬಲದ ಮೇಲೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ಹನ್ನೊಂದು ಹೆಂಗಸರು ನಾವು. ಸಂಘವೆಂದು ನೋಂದಣಿಯೇನೋ ಆಗಿದೆ, ಕಚೇರಿ ಇಲ್ಲ. ಹಾಸನದ ನನ್ನ ಮನೆಯ ಹಜಾರವೇ ಕಚೇರಿ. ಮನೆಯಲ್ಲಿ ಏಟು ತಿಂದವರು ಫೋನ್ ಮಾಡಿದರೆ ಹೋಗುವುದು, ಠಾಣೆಗೆ ಜೊತೆಯಾಗುವುದು, ವಕೀಲರನ್ನು ಹುಡುಕಿಕೊಡುವುದು, ಎರಡು ಕೇರಿಗಳ ನಡುವೆ ಮಾತು ನಿಂತುಹೋದಾಗ ಆ ಕಡೆ ಈ ಕಡೆಯ ಹೆಂಗಸರನ್ನು ಒಂದೆಡೆ ಕೂರಿಸುವುದು ನಮ್ಮ ಕೆಲಸ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಖರ್ಚು ಉಳಿಯಿತು. ವಕೀಲರ ಫೀಸಿಗೆ, ರಾತ್ರಿ ಹೊತ್ತಿನ ಆಟೊಗೆ, ಮನೆ ಬಿಟ್ಟು ಬಂದವರ ನಾಲ್ಕು ದಿನದ ವಸತಿಗೆ ಯಾವ ಯೋಜನೆಯೂ ಬರಲಿಲ್ಲ.

2025ರ ಜುಲೈನಲ್ಲಿ ಸ್ನೇಹಿತೆಯೊಬ್ಬರ ಮೂಲಕ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಪರಿಚಯವಾದರು. ಅವರ ಕೆಲಸದ ಹೆಸರನ್ನು ನಾನು ಸಭೆಯ ಪುಸ್ತಕದಲ್ಲಿ ‘ನಿಧಿ ಸಂಗ್ರಹ ಮತ್ತು ಸಹಭಾಗಿತ್ವ ಸಲಹೆಗಾರರು’ ಎಂದು ಬರೆದೆ. ಅದನ್ನು ಓದಿದ್ದೇ ಎಲ್ಲರೂ ನಕ್ಕರು. ‘ಚಂದಾ ಎತ್ತೋರು ಅನ್ನಿ’ ಎಂದರು ಹೊಳೆನರಸೀಪುರದ ಅಕ್ಕ. ಅಂಗನವಾಡಿ ಸಹಾಯಕಿಯಾಗಿ ನಿವೃತ್ತರಾದ ಅವರು ನಮ್ಮೆಲ್ಲರಿಗಿಂತ ಹಿರಿಯರು. ಗಣಪತಿ ಹಬ್ಬದ ಚಂದಾದವರನ್ನು ಬಾಗಿಲಲ್ಲೇ ಮಾತಾಡಿಸಿ ಬರಿಗೈಯಲ್ಲಿ ಕಳಿಸುವ ಕಲೆ ಅವರಿಗೆ ಗೊತ್ತು.

ಕನ್ಸಲ್ಟೆಂಟ್ ಎರಡು ದಾರಿ ಹೇಳಿದರು. ತಂದುಕೊಟ್ಟ ಹಣದಲ್ಲಿ ಶೇ 8, ಇಲ್ಲವೇ ತಿಂಗಳಿಗೆ ಇಪ್ಪತ್ತು ಸಾವಿರದಂತೆ ಆರು ತಿಂಗಳು. ನಮಗೆ ಮೊದಲನೆಯದೇ ಸರಿಯೆನಿಸಿತು. ಹಣ ಬಂದರೆ ಕೊಡುವುದು, ಬಾರದಿದ್ದರೆ ಇಲ್ಲ; ಬಡವರಿಗೆ ಇದಕ್ಕಿಂತ ಸಲೀಸಾದ ಕರಾರು ಯಾವುದು? ಆಮೇಲೆ ಓದಿದಾಗ ತಿಳಿಯಿತು: ನಿಧಿ ಸಂಗ್ರಹಿಸುವವರ ಅಮೆರಿಕದ ದೊಡ್ಡ ವೃತ್ತಿಸಂಘವಾದ ಅಸೋಸಿಯೇಷನ್ ಆಫ್ ಫಂಡ್‌ರೇಸಿಂಗ್ ಪ್ರೊಫೆಷನಲ್ಸ್, ತನ್ನ ನೀತಿಸಂಹಿತೆಯಲ್ಲಿ ಶೇಕಡಾವಾರು ಸಂಭಾವನೆಯನ್ನೇ ನಿಷೇಧಿಸಿದೆ. ಯಾಕಿರಬಹುದೆಂದು ಯೋಚಿಸಿದೆ. ಕೊಡುವವರು ತಮ್ಮ ಹಣ ಏಟು ತಿಂದವಳಿಗೆ ಹೋಗುತ್ತದೆಂದು ನಂಬಿರುತ್ತಾರೆ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಶೇಕಡಾ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಕಥೆ ಎಷ್ಟು ಕರುಣಾಜನಕವೋ ಅಷ್ಟು ಲಾಭ. ಅವರು ಕೆಟ್ಟವರಾಗಬೇಕಿಲ್ಲ, ಲೆಕ್ಕವೇ ಅವರನ್ನು ಅತ್ತ ತಳ್ಳುತ್ತದೆ.

ಅರಕಲಗೂಡಿನವಳು ಇದನ್ನು ನನಗಿಂತ ಬೇಗ ಹಿಡಿದಳು. ಅವಳ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬೇಲು ಹೋಗುವ ಮುಂಚೆ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವುದು ಹೆಂಗಸರ ಕೆಲಸ. ಅಲ್ಲಿ ಮತ್ತೆ ಗ್ರೇಡ್ ಹಾಕುತ್ತಾರೆ, ಆ ಗ್ರೇಡಿನ ಮೇಲೆ ಕೂಗು. ‘ಹಂಗಾರೆ ನಮ್ ಕಷ್ಟಕ್ಕೂ ಗ್ರೇಡ್ ಹಾಕ್ತಾರಾ ಅಕ್ಕ?’ ಎಂದು ಕೇಳಿದಳು. ಯಾರೂ ನಗಲಿಲ್ಲ. ತಿಂಗಳ ಶುಲ್ಕವೇ ಆಗಲಿ ಎಂದು ತೀರ್ಮಾನವಾಯಿತು. ನಮಗೆ ಅದು ಭಾರ. ಆದರೂ ಹಾಗೆ.

ಹಣ ಎಲ್ಲಿಂದ ಕೇಳುವುದು ಎಂಬಲ್ಲಿ ಮಾತು ಬೆಳೆಯಿತು. ವಿದೇಶದ ಹಣಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯ ಕೆಲಸ ತೋರಿಸಬೇಕು. ನಾವು ಆರು ವರ್ಷದಲ್ಲೂ ಅಷ್ಟು ಖರ್ಚು ಮಾಡಿಲ್ಲ. ಉಳಿದದ್ದು ಕಂಪನಿಗಳ ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಕೊಡಬೇಕು. ಪಟ್ಟಿಯಲ್ಲಿ ಲಿಂಗ ಸಮಾನತೆ ಇದೆ. ‘ಶಾಂತಿ ಅಂತ ಬರೆದರೆ ಯಾರಿಗೂ ಅರ್ಥವಾಗಲ್ಲ ಮೇಡಂ, ಮಹಿಳಾ ಸಬಲೀಕರಣ ಅಂತ ಹಾಕೋಣ’ ಎಂದರು ಕನ್ಸಲ್ಟೆಂಟ್.

ಅವರ ಮಾತಲ್ಲಿ ಸತ್ಯವಿತ್ತು. ನಮ್ಮ ಕಡೆ ‘ಶಾಂತಿ ಸಭೆ’ ಎಂದರೆ ಹಬ್ಬಗಳ ಮುಂಚೆ ಪೊಲೀಸ್ ಠಾಣೆಯಲ್ಲಿ ಮುಖಂಡರನ್ನು ಕೂರಿಸಿ, ಕಾಫಿ ಕೊಟ್ಟು ಕಳಿಸುವ ಸಭೆ. ಅಲ್ಲಿ ಹೆಂಗಸರು ಇರುವುದು ಅಪರೂಪ. ಮನೆಯೊಳಗೆ ಶಾಂತಿ ಎಂದರೆ ಇನ್ನೂ ಸರಳ: ಅವಳು ಸುಮ್ಮನಿರಬೇಕು. ಪಂಚಾಯ್ತಿ ಕಟ್ಟೆಯ ರಾಜಿಗಳಲ್ಲಿ ಹೆಚ್ಚಿನವು ಹೀಗೆ ಕೊಂಡ ಶಾಂತಿಗಳೇ. 1915ರಲ್ಲಿ ಯುರೋಪು ಯುದ್ಧದಲ್ಲಿದ್ದಾಗ, ಹೇಗ್ ನಗರದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು, ಪರಸ್ಪರ ಕಾದಾಡುತ್ತಿದ್ದ ದೇಶಗಳವರೂ ಸೇರಿ, ಕೂತು ಮಾತಾಡಿದರು. ಅವರು ಶಾಂತಿಯ ಜೊತೆಗೇ ಮತದ ಹಕ್ಕನ್ನೂ ಕೇಳಿದ್ದರು. ಸುಮ್ಮನಿರಿಸದ ಶಾಂತಿ ಎಂಬುದೊಂದಿದೆ ಎಂದು ನನಗೆ ಧೈರ್ಯ ಬರುವುದು ಅಂಥವರನ್ನು ನೆನೆದಾಗ. ಆದರೆ ಅದನ್ನು ಎಕ್ಸೆಲ್ ಹಾಳೆಯ ಯಾವ ಮನೆಯಲ್ಲಿ ತುಂಬುವುದು? ನಡೆಯದೇ ಹೋದ ಹೊಡೆದಾಟಕ್ಕೆ ಲೆಕ್ಕವಿಲ್ಲ.

ತಂಬಾಕು ಕಂಪನಿಯ ಹಣ ಬೇಡವೆಂದು ನಾನು ಹೇಳಿದೆ. ಅರಕಲಗೂಡಿನವಳ ಮುಖ ಬಿಗಿಯಿತು. ‘ನನ್ ಮಗಳ ಫೀಸು ಕಟ್ಟಿರೋದು ಅದೇ ದುಡ್ಡಲ್ಲಿ. ನಾನು ಕೊಡೋ ಐನೂರು ರೂಪಾಯಿ ನಿಮಗೆ ಆಗುತ್ತೆ, ಕಂಪನಿ ಕೊಟ್ರೆ ಮೈಲಿಗೆನಾ?’ ಅವಳ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡಿನ ಮಡಿ ಮೈಲಿಗೆ ಲೆಕ್ಕ ಹಾಕುವ ಚಾಳಿ ಸಂಬಳ ಬರುವ ನನ್ನಂಥವರಿಗೆ ಸುಲಭ. ಈಗ ಅನಿಸುವುದು ಇಷ್ಟು: ಹಣ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಕೊಟ್ಟವರು ಅದನ್ನು ಹಿಂತೆಗೆದುಕೊಂಡರೆ ನಮ್ಮ ಬಾಯಿ ಕಟ್ಟುತ್ತದೆಯೇ ಎನ್ನುವುದು ಮುಖ್ಯ. ಅವಳ ಐನೂರಕ್ಕೆ ಆ ಶಕ್ತಿಯಿಲ್ಲ, ಐದು ಲಕ್ಷಕ್ಕೆ ಇದೆ. ಅಮೆರಿಕದಲ್ಲಿ ಇನ್‌ಸೈಟ್ ಎಂಬ ಕಪ್ಪು ಮತ್ತು ಇತರ ವರ್ಣೀಯ ಮಹಿಳೆಯರ ಸಂಘಟನೆಗೆ ಫೋರ್ಡ್ ಪ್ರತಿಷ್ಠಾನ ಒಂದು ಲಕ್ಷ ಡಾಲರ್ ಕೊಡುವುದಾಗಿ ಹೇಳಿ, ಆ ಸಂಘಟನೆ ಪ್ಯಾಲೆಸ್ತೀನೀಯರ ಪರ ನಿಂತದ್ದು ಗೊತ್ತಾದ ಮೇಲೆ 2004ರಲ್ಲಿ ಹಿಂತೆಗೆದುಕೊಂಡಿತು. ಅವರು ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ಕೆಲಸ ಮುಂದುವರಿಸಿದರು; 2007ರಲ್ಲಿ ಈ ಬಗ್ಗೆಯೇ ಒಂದು ಲೇಖನ ಸಂಕಲನ ತಂದರು. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆದಿಡುವ ಪುಸ್ತಕವಿರುತ್ತದಲ್ಲ, ಯಾರ ಮನೆಯಿಂದ ಎಷ್ಟು ಬಂತು, ಎಷ್ಟು ತಿರುಗಿ ಹೋಗಬೇಕು ಎಂದು? ‘ಸಹಭಾಗಿತ್ವ’ ಎಂಬ ಹೊಸ ಪದದ ಹಿಂದೆಯೂ ಅದೇ ಪುಸ್ತಕವಿದೆ. ಮುಯ್ಯಿಯಲ್ಲಿ ಏನನ್ನು ಹಿಂದಿರುಗಿಸಬೇಕೆಂಬುದಾದರೂ ಮೊದಲೇ ಗೊತ್ತಿರುತ್ತದೆ.

ಇಷ್ಟೆಲ್ಲ ತತ್ವ ಮಾತಾಡಿದವಳು ನಾನೇ. ತಪ್ಪು ಮಾಡಿದವಳೂ ನಾನೇ.

ಎರಡು ಪುಟದ ಪರಿಚಯ ಬರೆದುಕೊಡಿ, ಮೊದಲ ಸಾಲಿನಲ್ಲೇ ಓದುವವರನ್ನು ಹಿಡಿಯಬೇಕು ಎಂದು ಕನ್ಸಲ್ಟೆಂಟ್ ಕೇಳಿದ್ದರು. ಆಗಸ್ಟ್ ಮೊದಲ ವಾರ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣವೊಂದರಲ್ಲಿ ಅಪರಾಧಿ ಎಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆಗಷ್ಟೇ ತೀರ್ಪು ಕೊಟ್ಟು, 2ನೇ ತಾರೀಕು ಜೀವಾವಧಿ ಶಿಕ್ಷೆ ವಿಧಿಸಿತ್ತು. ಟೀವಿಯ ತುಂಬ ನಮ್ಮ ಜಿಲ್ಲೆಯ ಹೆಸರು. ಅದೇ ವರ್ಷ ಮೇ 20ರಂದು ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಹಾಸನದ ಹೆಸರು ಎಲ್ಲೆಡೆ ಓಡಾಡಿತ್ತು. ಆದರೆ ಅರ್ಜಿಗೆ ಯಾವುದು ಹೆಚ್ಚು ಬಾಳುತ್ತದೆಂದು ನನ್ನ ಕೈಗೆ ತಾನಾಗಿ ಗೊತ್ತಿತ್ತು. ‘ಇಡೀ ದೇಶವನ್ನೇ ಬೆಚ್ಚಿಬೀಳಿಸಿದ ಹಾಸನದ ಹೆಣ್ಣುಮಕ್ಕಳ ನೋವಿಗೆ ದನಿಯಾಗಿ’ ಎಂದು ಶುರುಮಾಡಿದೆ. ಬರೆದು ಖುಷಿಪಟ್ಟೆ ಕೂಡ. ಅದನ್ನೀಗ ಒಪ್ಪಿಕೊಳ್ಳಬೇಕು.

ಚನ್ನರಾಯಪಟ್ಟಣದ ಸಭೆಯಲ್ಲಿ ಓದಿದೆ. ಹೊಳೆನರಸೀಪುರದ ಅಕ್ಕ ಕಣ್ಣುಮುಚ್ಚಿ ಕೇಳಿದರು. ‘ಅವರನ್ನ ಕೇಳಿದ್ರಾ?’ ಎಂದರು.

‘ಯಾರನ್ನಕ್ಕ?’

‘ಅದೇ, ಈ ನೋವಿನೋರನ್ನ.’

2024ರ ಏಪ್ರಿಲ್ ನನಗೆ ನೆನಪಾಯಿತು. 26ರ ಮತದಾನಕ್ಕೆ ಮುಂಚೆ ಆ ಪೆನ್‌ಡ್ರೈವ್‌ಗಳು ಊರಿನಲ್ಲಿ ಕೈಯಿಂದ ಕೈಗೆ ಹೋದವು. ಹಂಚಿದವರಿಗೆ ಆ ಹೆಂಗಸರ ಮುಖ ಮುಚ್ಚಬೇಕೆನಿಸಲಿಲ್ಲ. ಅವರಿಗೆ ಬೇಕಿದ್ದದ್ದು ಬೇರೆ ಏನೋ. ಯಾರೂ ಆ ಹೆಂಗಸರನ್ನು ಕೇಳಿರಲಿಲ್ಲ. ಮೇ 30ರ ‘ಹಾಸನ ಚಲೋ’ದಲ್ಲಿ ನಾಡಿನ ಎಲ್ಲ ಕಡೆಯಿಂದ ಬಂದ ಸಾವಿರಾರು ಜನರ ಜೊತೆ ನಾವೂ ನಡೆದೆವು. ಅಷ್ಟೇ ನಾವು ಮಾಡಿದ್ದು. ಆ ಪ್ರಕರಣಗಳಲ್ಲಿ ನಮ್ಮ ಗುಂಪಿನ ಕೆಲಸವೇನೂ ಇಲ್ಲ. ಹಾಗಿದ್ದರೂ ಆ ನೋವನ್ನು ನಾನು ನಮ್ಮ ಅರ್ಜಿಯ ತಲೆಬರಹಕ್ಕೆ ಎಳೆದು ತಂದಿದ್ದೆ. ಹೆಸರಿಲ್ಲ, ಫೋಟೊ ಇಲ್ಲ, ಉದ್ದೇಶ ಒಳ್ಳೆಯದು. ಪೆನ್‌ಡ್ರೈವ್ ಹಂಚಿದವರಿಗೂ ನನಗೂ ಹೋಲಿಕೆಯೇ ಎಂದು ಅಂದು ರಾತ್ರಿ ನಾನೇ ನನ್ನ ಪರ ವಾದಿಸಿದೆ. ಹೋಲಿಕೆಯಿಲ್ಲ, ನಿಜ. ಆದರೆ ಕೇಳದೆ ತೆಗೆದುಕೊಂಡದ್ದು ಕೇಳದೆ ತೆಗೆದುಕೊಂಡದ್ದೇ.

ಕನ್ಸಲ್ಟೆಂಟ್ ವಾದವನ್ನೂ ಹೇಳಬೇಕು, ಅದು ಹಗುರಾದದ್ದಲ್ಲ. ‘ತೀರ್ಪು ಸಾರ್ವಜನಿಕ ದಾಖಲೆ. ನೀವು ಹೇಳದೆ ಇದ್ದರೆ ಆ ಹಣ ಹಾಸನವನ್ನು ನೋಡೇ ಇರದ ಇನ್ಯಾರಿಗೋ ಹೋಗುತ್ತೆ. ಸುಮ್ಮನಿರೋದು ಯಾರಿಗೆ ಅನುಕೂಲ ಅಂತ ನಿಮಗೇ ಗೊತ್ತು.’ ಹಾಸನದಲ್ಲಿ ಮೌನಕ್ಕೆ ಎಷ್ಟು ಬೆಲೆಯಿತ್ತು, ಅದನ್ನು ಯಾರು ತೆತ್ತರು ಎಂದು ಬಲ್ಲವರಿಗೆ ಈ ಮಾತು ಚುಚ್ಚುತ್ತದೆ. ಮಾತಾಡುವುದು, ಬಳಸಿಕೊಳ್ಳುವುದು, ಇವೆರಡರ ನಡುವಿನ ಗೆರೆ ನನಗೆ ಇನ್ನೂ ಸ್ಪಷ್ಟವಿಲ್ಲ. ಮೆರವಣಿಗೆಯಲ್ಲಿ ಕೂಗಿದ ಅದೇ ವಾಕ್ಯ ಅರ್ಜಿಗೆ ಬಂದಾಗ ಯಾಕೆ ಬೇರೆಯಾಗುತ್ತದೆ? ಮೆರವಣಿಗೆಯಲ್ಲಿ ನಮಗೆ ಅದರಿಂದ ಏನೂ ಬರುವುದಿರಲಿಲ್ಲ ಎಂಬುದು ಒಂದು ಕಾರಣವಿರಬಹುದು.

ಅಂದು ಸಭೆಯಿಂದ ಹಿಂದಿರುಗುವ ಮುಂಚೆ ನಾವು ಮೂವರು ಶ್ರವಣಬೆಳಗೊಳಕ್ಕೆ ಹೋದೆವು. ಬೆಟ್ಟ ಹತ್ತಿದರೆ ಗೊಮ್ಮಟನ ಎದುರು ಗುಳ್ಳಕಾಯಜ್ಜಿಯ ಪುಟ್ಟ ಮೂರ್ತಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಕೆಳಗಿಳಿಯಲಿಲ್ಲವಂತೆ. ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಅಂಗಾಲಿನವರೆಗೆ ಹರಿಯಿತಂತೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಸ್ತಕಾಭಿಷೇಕದಲ್ಲಿ ಈಗಲೂ ಮೊದಲ ಕಳಶಗಳಿಗೆ ದೊಡ್ಡ ದೊಡ್ಡ ಮೊತ್ತವೇ ಬೇಕು, ಅಜ್ಜಿ ಎದುರಿಗೇ ನಿಂತಿರುತ್ತಾಳೆ. ನನಗೆ ಆ ಕಥೆಯಲ್ಲಿ ಹಿಡಿಸದಿರುವುದು ಕೊನೆ. ಆಕೆ ಅಜ್ಜಿಯಲ್ಲ, ವೇಷ ಮರೆಸಿ ಬಂದ ಕೂಷ್ಮಾಂಡಿನಿ ದೇವಿ ಎನ್ನುತ್ತಾರೆ. ಬರೀ ಒಬ್ಬ ಮುದುಕಿಯಾಗಿದ್ದರೆ ಸಾಕಾಗುತ್ತಿರಲಿಲ್ಲವೇ? ನಾವು ಅರ್ಜಿಗಳಲ್ಲಿ ಮಾಡುವುದೂ ಇದನ್ನೇ: ಎದುರಿಗಿರುವ ಹೆಂಗಸು ಇದ್ದಂತೆಯೇ ಇದ್ದರೆ ಸಾಲದು, ಸಂತ್ರಸ್ತೆಯೋ ದೇವಿಯೋ ಆಗಬೇಕು.

ಕರಾರಿನಲ್ಲಿ ಎರಡು ಮಾತು ಸೇರಿಸಿದೆವು. ಯಾರದ್ದೇ ಬದುಕಿನ ಕಥೆ ಹೊರಗೆ ಹೋಗುವ ಮುಂಚೆ ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಹಣ ಬಂದಮೇಲೂ ಅವರು ಬೇಡವೆಂದರೆ ತೆಗೆಯಬೇಕು. ಎರಡನೆಯದಕ್ಕೆ ಕನ್ಸಲ್ಟೆಂಟ್ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ತಂಬಾಕು ಹಣದ ಮಾತು ಇತ್ಯರ್ಥವಾಗಿಲ್ಲ, ಅರಕಲಗೂಡಿನವಳು ಪಟ್ಟು ಬಿಟ್ಟಿಲ್ಲ.

ಮೊದಲ ಸಾಲನ್ನು ಹೊಳೆನರಸೀಪುರದ ಅಕ್ಕನೇ ಹೇಳಿ ಬರೆಸಿದರು: ‘ರಾತ್ರಿ ಹತ್ತು ಗಂಟೆ ಮೇಲೆ ಫೋನ್ ಬಂದರೆ ಎತ್ತುವ ಹನ್ನೊಂದು ಜನ ನಾಲ್ಕು ತಾಲ್ಲೂಕುಗಳಲ್ಲಿ ಇದ್ದೇವೆ.’ ತುಂಬ ಸಪ್ಪೆ ಎಂದು ಕನ್ಸಲ್ಟೆಂಟ್ ಹೇಳಿದ್ದಾರೆ. ಮೂರು ಕಡೆ ಕಳಿಸಿದ್ದಾರೆ, ಒಂದು ಕಡೆಯಿಂದ ಇಲ್ಲವೆಂದು ಬಂದಿದೆ. ಈ ತಿಂಗಳ ಅವರ ಶುಲ್ಕವನ್ನು ಚೀಟಿ ಎತ್ತಿ ಕೊಟ್ಟೆವು.