ಸೋತದ್ದು ಫೋನೋ, ಮನಸ್ಸೋ?

ನಮ್ಮ ದುಡ್ಡು, ನಮ್ಮಿಷ್ಟ. ಹೊಸ ಫೋನು ಕೊಂಡರೆ ತಪ್ಪೇನು? ನಮ್ಮಲ್ಲಿ ಹಲವರು ಹೀಗೆ ಕೇಳುತ್ತಾರೆ. ತಪ್ಪೇನಿಲ್ಲ. ಆದರೆ ಅದರ ಬೆಲೆಯನ್ನು ನಾವು ಮಾತ್ರ ತೆರುವುದಿಲ್ಲ. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಬಹುಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ. ಅಲ್ಲಿ ಮಕ್ಕಳೂ ದುಡಿಯುತ್ತಾರೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಕ್ರಮವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆಯಿರುವುದು ಕಾಲುಭಾಗಕ್ಕೂ ಕಡಿಮೆ.

ಆಯುಧಪೂಜೆಯಂದು ಲ್ಯಾಪ್‌ಟಾಪಿಗೆ ಕುಂಕುಮವಿಡುವ ನಾವು, ಹೊಸ ಮಾಡೆಲ್ ಬಂತೆಂದು ಚೆನ್ನಾಗಿರುವ ಫೋನನ್ನು ಡ್ರಾಯರಿಗೆ ತಳ್ಳುವುದು ಎಷ್ಟು ಸರಿ? ಸಲಕರಣೆಗೆ ಕೊಡುವ ಮರ್ಯಾದೆಯೆಂದರೆ ಅದನ್ನು ಪೂರ್ತಿ ಬಾಳಿಸುವುದು. ಕೊಳ್ಳುವ ಮುನ್ನ ಕೇಳಿಕೊಳ್ಳೋಣ: ಸೋತದ್ದು ಫೋನೋ, ನಮ್ಮ ಮನಸ್ಸೋ? ಬ್ಯಾಟರಿ ಸೋತಿದ್ದರೆ ಬ್ಯಾಟರಿ ಬದಲಿಸೋಣ. ಮನಸ್ಸು ಸೋತಿದ್ದರೆ ಒಂದು ತಿಂಗಳು ಕಾಯೋಣ.